ನೋ ಸೆಂಟೆನ್ಸ್, ನೋ ಸಾಂಬಾರ್

ಹೋದ ತಿಂಗಳು ಹಾನಗಲ್ಲಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಇಂಗ್ಲಿಷ್ ತರಬೇತಿ ಇತ್ತು. ಕಲಿಸಲು ಹೋದವಳು ನಾನು! ಬರೆಯುವಾಗಲೂ ನಗು ಬರುತ್ತದೆ. ಸವಣೂರಿನ ವೀಳ್ಯದೆಲೆ ವ್ಯಾಪಾರಿಯ ಮಗಳು, ಮನೆಯಲ್ಲಿ ಉರ್ದು, ಓಣಿಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಅಂದರೆ ಮಾರುದೂರ ಓಡುತ್ತಿದ್ದವಳು ಮೈಕು ಹಿಡಿದು ನಿಂತಿದ್ದೆ. ಊಟದ ಬಿಡುವಿನಲ್ಲಿ ತಿಳವಳ್ಳಿ ಕಡೆಯ ಟೀಚರ್ ಒಬ್ಬರು ಹತ್ತಿರ ಬಂದು, "ಮೇಡಂ, ನೀವು ಇಷ್ಟು ಚಲೋ ಇಂಗ್ಲಿಷ್ ಎಲ್ಲಿ ಕಲ್ತ್ರಿ? ಧಾರವಾಡದಾಗೇನು?" ಎಂದು ಕೇಳಿದರು.

"ಅಡಿಗಿ ಮನ್ಯಾಗ್ರಿ" ಎಂದೆ.

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ಅದೇ ಸಂಜೆ ಶಿಗ್ಗಾಂವಿಯ ಬಸ್ಸಿನಲ್ಲಿ ಕುಳಿತಿದ್ದಾಗ ನನ್ನ ಹಳೆಯ ಶಾಲೆಯ ಹೆಡ್‌ಮಾಸ್ತರರ ಫೋನು ಬಂತು. "ಅಕ್ಕೋರ, ನಮ್ಮ ಆಯಿಗೆ ಅರವತ್ತು ತುಂಬಿತ್ರಿ. ಬುಧವಾರ ಬೀಳ್ಕೊಡುಗಿ ಇಟ್ಟೇವಿ. ನೀವು ಬರಾಕ ಬೇಕು."

ಆಯಿ ಅಂದರೆ ಹಿರೇಕೆರೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯ ಒಂದು ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು. ಮಕ್ಕಳು ಆಯಿ ಎನ್ನುತ್ತಿದ್ದವು, ನಾವೂ ಹಾಗೆಯೇ ಕರೆದೆವು. ಹೆಸರು ಬೇರೆ ಇದೆ, ಆದರೆ ಬರೆಯುವಂತಿಲ್ಲ. "ಆಯಿ, ಒಂದಿನ ನಿಮ್ಮ ಮ್ಯಾಲೆ ಬರೀತೇನಿ" ಎಂದು ಒಮ್ಮೆ ಹೇಳಿದ್ದಕ್ಕೆ, "ಬರೀರಿ ಬರೀರಿ. ಹೆಸರು ಮಾತ್ರ ಹಾಕಬ್ಯಾಡ್ರಿ. ನಿಮ್ಮ ಕೈಯಾಗ ಅದರ ಸ್ಪೆಲಿಂಗ್ ಏನಾಕ್ಕೈತೋ ಏನೋ" ಎಂದು ಕಿಚಾಯಿಸಿದ್ದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸು, ಡಿ.ಎಡ್. ಮಾಡಿದ ನನಗೆ!

ಕುಳ್ಳು ಆಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಸದಾ ಒಂದು ಉದ್ದ ಸೌಟು. ಮಾತಾಡುವಾಗಲೂ ಸೌಟು, ಬೈಯುವಾಗಲೂ ಸೌಟು, ಬಾಗಿಲಿಗೆ ಬಂದ ನಾಯಿ ಓಡಿಸಲಿಕ್ಕೂ ಅದೇ. ಒಂದು ಮಾತು ಮುಗಿಯಿತು ಅಂದರೆ ಬೋಗಣಿಯ ಅಂಚಿಗೆ ಆ ಸೌಟನ್ನು ಟಣ್ ಎಂದು ಬಡಿಯುತ್ತಿದ್ದರು. ಆ ಟಣ್ ಕೇಳಿದ ಮೇಲೆ ಯಾರೂ ಎದುರು ಮಾತಾಡುತ್ತಿರಲಿಲ್ಲ, ಹೆಡ್‌ಮಾಸ್ತರರೂ ಸಹ.

ನಾನು ಆ ಶಾಲೆಗೆ ಬಂದ ಎರಡನೆಯ ವರ್ಷ ನಮಗೆ ಇಂಗ್ಲಿಷ್ ಮಾಧ್ಯಮದ ಒಂದನೆಯ ತರಗತಿ ಮಂಜೂರಾಯಿತು. ಊರಿನವರೇ ಅರ್ಜಿ ಕೊಟ್ಟು ತರಿಸಿಕೊಂಡದ್ದು. ತರಗತಿ ಬಂತು, ಕಲಿಸುವವರು ಬರಲಿಲ್ಲ. ಹೆಡ್‌ಮಾಸ್ತರರು ನಮ್ಮ ನಾಲ್ಕು ಜನ ಟೀಚರುಗಳ ಮುಖ ನೋಡಿದರು. ಮೂವರು ತಲೆ ತಗ್ಗಿಸಿದರು. ನಾನು ಕಿಟಕಿಯಾಚೆ ನೋಡುತ್ತಾ ಕುಳಿತಿದ್ದೆ, ತಲೆ ತಗ್ಗಿಸಲು ತಡವಾಯಿತು, ಸಿಕ್ಕಿಬಿದ್ದೆ.

"ಅಕ್ಕೋರ, ನಿಮಗ ಹೆಂಗೂ ಎರಡು ಭಾಷಾ ಬರ್ತಾವು. ಮೂರನೇದ್ದೇನು ಮಹಾ?" ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ಇದು ನಡೀಲಿಲ್ಲ ಅಂದ್ರ ಹುಡುಗ್ರೆಲ್ಲಾ ಹಿರೇಕೆರೂರು ಕಾನ್ವೆಂಟಿಗೆ ಹೊಕ್ಕಾವು. ಹುಡುಗ್ರ ಹಿಂದ ನಮ್ಮ ಸಾಲಿನೂ ಹೋಗ್ತೈತಿ. ನೋಡ್ರಿ ಮತ್ತ."

ನೋಡಿದೆ. ನೋಡಿ ನಡುಗಿದೆ. ಪುಸ್ತಕ ಓದಬಲ್ಲೆ, ಬರೆಯಬಲ್ಲೆ, ಪರೀಕ್ಷೆಯಲ್ಲಿ ಪಾಸಾಗಿದ್ದೆ. ಆದರೆ ನಾಲ್ಕು ಜನರ ಮುಂದೆ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳು ಅಂದರೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮೊದಲ ದಿನ ಒಂದು ಚೆಂಡು ಹಿಡಿದು ನಿಂತು, "ದಿಸ್ ಈಸ್ ಎ ಬಾಲ್" ಎಂದೆ. ಮಕ್ಕಳು, "ದಿಸ್ ಈಸ್ ಎ ಬಾಲ್" ಎಂದವು. ಮಕ್ಕಳ ದನಿ ನಿಂತ ಮೇಲೆ ಇನ್ನೊಂದು ದನಿ, ದಪ್ಪ ದನಿ, ಎಲ್ಲಿಂದಲೋ ಹೇಳಿತು: "ದಿಸ್ ಈಸ್ ಏ ಬಾಲ್!" ಹಿಂದೆಯೇ ಟಣ್!

ತರಗತಿಗೂ ಅಡುಗೆ ಕೋಣೆಗೂ ನಡುವೆ ಒಂದು ಕಿಟಕಿ. ಅದರ ಸರಳುಗಳ ಆಚೆ ಆಯಿ ಬದನೆಕಾಯಿ ಹೆಚ್ಚುತ್ತ ನಿಂತಿದ್ದರು. ನಾನು ತಿರುಗಿ ನೋಡಿದೆ. ಅವರು ಒಂದು ಬದನೆಕಾಯಿ ಎತ್ತಿ ಹಿಡಿದು, "ಇದಕ್ಕೇನಂತಾರ್ರಿ ಅಕ್ಕೋರ?" ಎಂದರು.

ಅಂದಿನಿಂದ ನನ್ನ ತರಗತಿಗೆ ಕಿಟಕಿಯಾಚೆ ಒಬ್ಬ ವಿದ್ಯಾರ್ಥಿನಿ ಹೆಚ್ಚಾದರು. ಮಕ್ಕಳು ಮರೆತ ಪದ ಅಲ್ಲಿಂದ ಬರುತ್ತಿತ್ತು. ಗೋಡೆಯ ಮೇಲೆ ಇದ್ದಿಲಿನಿಂದ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದರು: ಬ್ರಿಂಜಾಲ್, ಸಾಲ್ಟ್, ಸ್ಮೋಕ್, ಹಂಗ್ರಿ. ನಾನು ಕಲಿಸಿದ್ದು ಸಾಲದೆ ಚೀಲ, ಡಬ್ಬಿ, ಬಾಟಲಿಗಳ ಮೇಲಿನದ್ದನ್ನೆಲ್ಲ ನನ್ನಿಂದ ಓದಿಸಿಕೊಂಡು ಬಾಯಿಪಾಠ ಮಾಡಿದರು. ಅವನ್ನು ಎಲ್ಲಿ ಬೇಕೆಂದರಲ್ಲಿ ಪ್ರಯೋಗ ಮಾಡುತ್ತಿದ್ದರು. ಬಿಸಿಲಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ ಹೆಡ್‌ಮಾಸ್ತರರಿಗೆ, "ಸರ್, ಕೀಪ್ ಇನ್ ಕೂಲ್ ಆಂಡ್ ಡ್ರೈ ಪ್ಲೇಸ್!" ಎಂದರು. ಹಾಲಿನ ಪುಡಿಯ ಚೀಲದ ಮೇಲಿನ ಮಾತು ಅದು. ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದ ಹುಡುಗನ ಭುಜ ಹಿಡಿದು, "ಶೇಕ್ ವೆಲ್ ಬಿಫೋರ್ ಯೂಸ್" ಎಂದು ಅಲುಗಾಡಿಸಿದರು. ಕೆಮ್ಮಿನ ಔಷಧದ ಬಾಟಲಿ! ನಾನು ನಕ್ಕು ನಕ್ಕು ಬೋರ್ಡು ಹಿಡಿದುಕೊಂಡೆ.

ಒಂದು ದಿನ ಕಿಟಕಿಯಿಂದ ಪ್ರಶ್ನೆ ಬಂತು. "ಅಕ್ಕೋರ, 'ದಿಸ್' ಅಂದ್ರ ಇದು. 'ಬಾಲ್' ಅಂದ್ರ ಚೆಂಡು. ನಾವು 'ಇದು ಚೆಂಡು' ಅಂತೇವಿ, ತಿಳೀತೈತಿ. ಅವರ್‍ಯಾಕ ನಡಕ 'ಈಸ್' ಇಟ್ಟಾರ?"

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಓದಿದ್ದೆ, ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮಕ್ಕಳು ನನ್ನನ್ನೇ ನೋಡುತ್ತಿದ್ದವು. "ಅದು... ಗೊತ್ತಿಲ್ರಿ ಆಯಿ" ಎಂದೆ.

"ಚಲೋ ಆತು ಬಿಡ್ರಿ" ಎಂದರು ಅವರು, ಮನೆಗೆ ಹಬ್ಬ ಬಂದವರ ಹಾಗೆ. "ಇಬ್ರೂ ಕೂಡಿ ಹುಡುಕೂಣು."

ಮರುದಿನ ಅವರೇ ಹುಡುಕಿ ತಂದಿದ್ದರು. "ಅದು ಒಗ್ಗರಣಿ ಇದ್ದಂಗ್ರಿ ಅಕ್ಕೋರ. ಹೊಟ್ಟಿ ತುಂಬಾಕ ಬ್ಯಾಳಿ ಸಾಕು. ಆದ್ರ ಒಗ್ಗರಣಿ ಬೀಳದ ಅದನ್ನ ಯಾರೂ ಸಾರು ಅನ್ನಂಗಿಲ್ಲ." ಟಣ್! ಆಮೇಲೆ ನಾನು ಎಷ್ಟೋ ವ್ಯಾಕರಣ ಪುಸ್ತಕ ಓದಿದೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ಕಾಣೆ. ಹಾನಗಲ್ಲಿನ ತರಬೇತಿಯಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದೆ.

ಕಾಲಗಳನ್ನೂ ಹಾಗೆಯೇ ಕಲಿತೆವು. ಬೆಳಿಗ್ಗೆ ಅಕ್ಕಿ ಆರಿಸುತ್ತ ಕಿಟಕಿಯಿಂದ, "ಐ ವಿಲ್ ಕುಕ್ ರೈಸ್!" ಹನ್ನೊಂದು ಗಂಟೆಗೆ ಹೊಗೆಯ ನಡುವಿನಿಂದ, "ಐ ಆಮ್ ಕುಕಿಂಗ್ ರೈಸ್!" ಊಟದ ಗಂಟೆಗೆ ಮುಂಚೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಐ ಹ್ಯಾವ್ ಕುಕ್ಡ್ ರೈಸ್!" ನನ್ನ ಮಕ್ಕಳಿಗೆ ಮೂರು ಕಾಲ ಮೂಗಿನಿಂದಲೇ ತಿಳಿಯುತ್ತಿತ್ತು.

ಇನ್ನು ಪಾಳಿಯ ಕತೆ. ನಮ್ಮಲ್ಲಿ ಮಧ್ಯಾಹ್ನ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಬರುತ್ತಾರೆ, ಆಯಿ ಬಡಿಸುತ್ತಾರೆ. ಜುಲೈ ತಿಂಗಳ ಒಂದು ದಿನ ಅವರು ಸೌಟು ಎತ್ತಿ ಘೋಷಣೆ ಮಾಡಿದರು: "ಒಂದನೇತ್ತಾದವ್ರು ಇವತ್ತಿಂದ ಇಂಗ್ಲಿಷ್ನ್ಯಾಗ ಕೇಳಬೇಕು. ನೋ ಸೆಂಟೆನ್ಸ್, ನೋ ಸಾಂಬಾರ್!" ಮೊದಲ ವಾರ ಬರೀ 'ರೈಸ್' ಅಂದರೂ ನಡೆಯಿತು. ಮುಂದೆ 'ರೈಸ್ ಪ್ಲೀಸ್' ಆಯಿತು. ಗಣೇಶ ಚೌತಿ ಬರುವಷ್ಟರಲ್ಲಿ ಪೂರ್ತಿ ವಾಕ್ಯಗಳು. ಮಕ್ಕಳಿಗೆ ಹುರುಪೋ ಹುರುಪು. ಹಸಿವಿನ ಎದುರು ನಾಚಿಕೆ ಎಲ್ಲಿ ನಿಲ್ಲುತ್ತದೆ!

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆ ಪಾಳಿಯಿಂದ ಒಂದು ಮಗುವೂ ಖಾಲಿ ತಟ್ಟೆಯಲ್ಲಿ ಹೋಗಲಿಲ್ಲ. ಬರದವರಿಗೆ, "ನನ್ನ ಹಿಂದ ಅನ್ನು ನನ್ನವ್ವಾ" ಎಂದು ತಾವೇ ವಾಕ್ಯ ಹೇಳಿಕೊಡುತ್ತಿದ್ದರು. ಮಗು ಅವರ ಹಿಂದೆ ಅನ್ನಬೇಕು, ಟಣ್ ಆಗಬೇಕು, ತಟ್ಟೆಗೆ ಅನ್ನ ಬೀಳಬೇಕು. "ತಪ್ಪ ಮಾತಾಡಿದ್ರ ಯಾರೂ ಸಾಯಂಗಿಲ್ಲ. ಬಾಯಿ ಮುಚಗೊಂಡು ನಿಂತ್ರ ಅನ್ನ ಆರ್ತೈತಿ" ಎನ್ನುತ್ತಿದ್ದರು.

ಒಬ್ಬಳು ಹುಡುಗಿ ಇದ್ದಳು, ಕನ್ನಡದಲ್ಲೂ ಬಾಯಿ ಬಿಡದವಳು. ಮೂರು ತಿಂಗಳು ಆಯಿಯ ಹಿಂದೆಯೇ ಪಿಸುಗುಟ್ಟಿದಳು. ಒಂದು ದಿನ ತಟ್ಟೆಯ ಮೇಲೆ ಅಂಗೈ ಮುಚ್ಚಿ, ಜೋರಾಗಿ, "ಆಯಿ, ಡೋಂಟ್ ಗಿವ್ ಮಿ ಬ್ರಿಂಜಾಲ್!" ಎಂದಳು. ಆಯಿ ಸೌಟು ಕೆಳಗಿಟ್ಟು ಆ ಹುಡುಗಿಯನ್ನು ತಟ್ಟೆಯ ಸಮೇತ ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ಕುಣಿದರು. "ಬ್ಯಾಡ ಅನ್ನಾಕ ಬಂತು! ಬ್ಯಾಡ ಅನ್ನಾಕ ಬಂತಂದ್ರ ಭಾಷಾ ಬಂತಂತ ತಿಳಕೋರಿ ಅಕ್ಕೋರ!" ಎಂದು ಕೂಗಿದರು. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ. ಹುಡುಗಿಗೆ ಆ ದಿನ ಬದನೆಕಾಯಿ ಇಲ್ಲದ ಸಾಂಬಾರು ಸಿಕ್ಕಿತು.

ಇಷ್ಟೆಲ್ಲ ನಡೆಯುವಾಗ ನಾನು ಮಾತ್ರ ಪಾಳಿಗೆ ನಿಲ್ಲುತ್ತಿರಲಿಲ್ಲ. ಉಳಿದ ಟೀಚರುಗಳು ಅಲ್ಲಿಯೇ ಉಣ್ಣುತ್ತಿದ್ದರು. ಹೆಡ್‌ಮಾಸ್ತರರು ಕೂಡ ತಟ್ಟೆ ಹಿಡಿದು, "ಗಿವ್ ಮಿ ಲಿಟಲ್ ಲಿಟಲ್" ಎಂದು ಮಕ್ಕಳನ್ನು ನಗಿಸಿ ಬರುತ್ತಿದ್ದರು. ನಾನು ಮನೆಯಿಂದ ಡಬ್ಬಿ ತರುತ್ತಿದ್ದೆ. ಮಕ್ಕಳ ಮುಂದೆ ಪುಸ್ತಕದ ವಾಕ್ಯ ಓದುವುದು ಬೇರೆ, ದೊಡ್ಡವರು ನಿಂತಿರುವಾಗ ಸ್ವಂತ ವಾಕ್ಯ ಆಡುವುದು ಬೇರೆ. ತಪ್ಪಿದರೆ? ಇಂಗ್ಲಿಷ್ ಟೀಚರಿಗೇ ಇಂಗ್ಲಿಷ್ ಬರುವುದಿಲ್ಲ ಅಂದರೆ? ಹಿರೇಕೆರೂರಿನ ಬಸ್ಸಿನಲ್ಲಿ ದಿನಾ ಅದೇ ಚಿಂತೆ.

ಆಯಿಗೆ ಅದು ಗೊತ್ತಿತ್ತು. ಒಮ್ಮೆ ಕೇಳಿದರು, "ಅಕ್ಕೋರ, ನಿಮ್ಮ ಮನಿ ಮಾತು ಉರ್ದು. ಕನ್ನಡ ಹೆಂಗ ಕಲ್ತ್ರಿ?"

"ಓಣ್ಯಾಗಿನ ಹುಡುಗ್ರ ಜೋಡಿ ಆಡಕೋತ."

"ಕೈಯಾಗ ವ್ಯಾಕರಣ ಪುಸ್ತಕ ಹಿಡಕೊಂಡು ಆಡಿದ್ರೇನು?"

"ಇಲ್ರಿ."

"ತಪ್ಪಿದ್ರ ಹುಡುಗ್ರು ನಗತಿದ್ವಿಲ್ಲೇನು?"

"ನಗತಿದ್ವು. ನಾನೂ ನಗತಿದ್ದೆ."

"ಮತ್ತ?" ಎಂದು ಸೌಟು ತಿರುಗಿಸಿ ನನ್ನ ಡಬ್ಬಿಯತ್ತ ತೋರಿಸಿದರು. ನಾನು ಮುಚ್ಚಳ ಹಾಕಿಕೊಂಡು ಎದ್ದುಹೋದೆ. ಮರುದಿನವೂ ಡಬ್ಬಿ ತಂದೆ.

ಡಿಸೆಂಬರಿನಲ್ಲಿ ತಾಲೂಕಿನ ಕಚೇರಿಯಿಂದ ಸುದ್ದಿ ಬಂತು. ಗುರುವಾರ ಒಬ್ಬ ಸಾಹೇಬರು ಬರುತ್ತಾರೆ, ಇಂಗ್ಲಿಷ್ ತರಗತಿ ನೋಡುತ್ತಾರೆ, ಮುಂದಿನ ವರ್ಷ ಇಟ್ಟುಕೊಳ್ಳಬೇಕೋ ಬೇಡವೋ ಹೇಳುತ್ತಾರೆ. ಅವರು ಇಂಗ್ಲಿಷಿನಲ್ಲೇ ಮಾತಾಡುತ್ತಾರೆ ಎಂದೂ ಗೊತ್ತಾಯಿತು. ಬುಧವಾರ ಸಂಜೆ ನಾನು ಬೋರ್ಡು ಒರೆಸಿದೆ, ಚಾಕ್‌ಪೀಸುಗಳನ್ನು ಡಬ್ಬಿಯಲ್ಲಿ ಜೋಡಿಸಿಟ್ಟೆ, ಮನೆಗೆ ಹೋದೆ. ಗುರುವಾರ ಬೆಳಿಗ್ಗೆ ಹೆಡ್‌ಮಾಸ್ತರರಿಗೆ ಜ್ವರ ಎಂದು ಫೋನು ಮಾಡಿ, ಹಾನಗಲ್ಲಿನ ಬಸ್ಸು ಹತ್ತಿದೆ. ಅಲ್ಲಿಂದ ಶಿಗ್ಗಾಂವಿ, ಶಿಗ್ಗಾಂವಿಯಿಂದ ಸವಣೂರು. ತವರಿಗೆ ಓಡಿದೆ! ಕಾನ್ವೆಂಟು, ಶಾಲೆಗೆ ಬೀಗ, ಮಕ್ಕಳು, ಎಲ್ಲ ಗೊತ್ತಿದ್ದೂ ಓಡಿದೆ. ಇಂಗ್ಲಿಷ್ ತರಗತಿ ಬಿಡುತ್ತೇನೆ ಎಂಬ ಅರ್ಜಿ ಬ್ಯಾಗಿನಲ್ಲಿತ್ತು. ನನ್ನ ಅಬ್ಬಾ ಅಂಗಡಿಯಲ್ಲಿ ಎಲೆಗೆ ನೀರು ಚಿಮುಕಿಸುತ್ತಿದ್ದರು. ನನ್ನ ಹಣೆ ಮುಟ್ಟಿ ನೋಡಿದರು, ತಣ್ಣಗಿತ್ತು. ಏನೂ ಕೇಳಲಿಲ್ಲ. ಅವರು ಕೇಳದೆ ಹೋದದ್ದಕ್ಕೆ ನನಗೆ ಇನ್ನೂ ಹೆಚ್ಚು ನೋವಾಯಿತು.

ಶುಕ್ರವಾರ ತಿರುಗಿ ಬಂದೆ, ಅರ್ಜಿ ಕೊಡಲೆಂದು. ಗೇಟಿನಲ್ಲೇ ಮಕ್ಕಳು ಮುತ್ತಿಕೊಂಡವು. ಒಂದೊಂದೂ ಒಂದೊಂದು ಹೇಳುತ್ತಿತ್ತು, ಒಂದೂ ತಿಳಿಯಲಿಲ್ಲ. ಹೆಡ್‌ಮಾಸ್ತರರು ಕೂಡಿಸಿ ಹೇಳಿದರು.

ಸಾಹೇಬರು ತರಗತಿಗೆ ಹೋಗಿ ಮಕ್ಕಳ ಹೆಸರು ಕೇಳಿದರಂತೆ. ಒಂದು ಮಗುವೂ ಬಾಯಿ ಬಿಡಲಿಲ್ಲವಂತೆ. ಎಲ್ಲವೂ ನೆಲ ನೋಡಿದವಂತೆ. ಯಾರನ್ನು ನೋಡಿ ಕಲಿತಿದ್ದವೋ! ಸಾಹೇಬರು ಪೆನ್ನು ತೆಗೆದು ಏನೋ ಬರೆದುಕೊಂಡರು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅದೇ ಮಕ್ಕಳು ತಟ್ಟೆ ಹಿಡಿದು ಓಡಿದವು, ಪಾಳಿ ನಿಂತಿತು, ಶುರುವಾಯಿತು! "ಆಯಿ, ಪ್ಲೀಸ್ ಗಿವ್ ಮಿ ಹಾಟ್ ರೈಸ್." ಟಣ್! "ಐ ವಾಂಟ್ ಮೋರ್ ಸಾಂಬಾರ್, ಐ ಆಮ್ ವೆರಿ ಹಂಗ್ರಿ." ಟಣ್! "ಯೆಸ್ಟರ್‌ಡೇ ಯು ಗೇವ್ ಮಿ ಸ್ಮಾಲ್ ಎಗ್, ಟುಡೇ ಗಿವ್ ಮಿ ಬಿಗ್ ಎಗ್." ಟಣ್! ಸಾಹೇಬರು ಕಾರಿನತ್ತ ಹೊರಟವರು ನಿಂತರು. ತಿರುಗಿ ಬಂದರು. ಅವರೂ ಒಂದು ತಟ್ಟೆ ತೆಗೆದುಕೊಂಡು ಪಾಳಿಯ ಕೊನೆಗೆ ನಿಂತರು. ಆಯಿ ಅವರನ್ನೂ ಬಿಡಲಿಲ್ಲ. "ಸರ್, ನೋ ಸೆಂಟೆನ್ಸ್, ನೋ ಸಾಂಬಾರ್!"

ಸಾಹೇಬರು ಉಂಡರು. ಕೈ ತೊಳೆದು ಇಂಗ್ಲಿಷಿನಲ್ಲೇ ಕೇಳಿದರು, ನಿಮಗೆ ಯಾರು ಕಲಿಸಿದರು ಎಂದು. ಆಯಿ ಹೇಳಿದರು, "ಮೈ ಟೀಚರ್." ಎಲ್ಲಿ ಅವರು ಎಂದರು ಸಾಹೇಬರು. ಆಯಿ ಹೇಳಿದರು, "ಶಿ ವಿಲ್ ಕಮ್ ಟುಮಾರೊ."

"ಹಂಗಾರ ಸೋಮವಾರ ಬಂದು ಟೀಚರನ್ನೂ ಒಂದ್ಸಲ ನೋಡ್ತೇನಿ ಅಂತ ಹೇಳಿ ಹೋಗ್ಯಾರ್ರಿ" ಎಂದು ಹೆಡ್‌ಮಾಸ್ತರರು ಮುಗಿಸಿದರು. "ಜ್ವರ ಹೆಂಗೈತ್ರಿ ಈಗ?"

ನಾನು ನೇರ ಅಡುಗೆ ಕೋಣೆಗೆ ಹೋದೆ. ಆಯಿ ಅಕ್ಕಿ ತೊಳೆಯುತ್ತಿದ್ದರು. "ಬಂದ್ರಿ? ಬರ್ರಿ. ನಾ ಸುಳ್ಳು ಹೇಳಲಿಲ್ಲ ನೋಡ್ರಿ. ನಾಳೆ ಬರ್ತಾರ ಅಂದಿದ್ದೆ, ಬಂದ್ರಿ."

"ಆಯಿ, ನನಗ ಜ್ವರ ಬಂದಿದ್ದಿಲ್ಲ."

"ಗೊತ್ತೈತ್ರಿ. ಜ್ವರ ಬಂದವ್ರು ಹಿಂದಿನ ದಿನ ಚಾಕ್‌ಪೀಸ್ ಜೋಡಿಸಿಟ್ಟು ಹೋಗಂಗಿಲ್ಲ." ನೀರು ಬಸಿದು ನನ್ನ ಕಡೆ ತಿರುಗಿದರು. "ಹಾಡತಾ ಹಾಡತಾ ರಾಗ, ನರಳತಾ ನರಳತಾ ರೋಗ ಅಂತಾರ. ನೀವು ಜೂನಿಂದ ನರಳಾಕತ್ತೀರಿ. ನನಗೇನು ಹೆದರಿಕಿ ಆಗಿಲ್ಲ ಅಂದ್ಕೊಂಡ್ರೇನು? ಕೈ ನಡಗಿ ಒಂದು ಸೌಟು ಸಾಂಬಾರು ಸಾಹೇಬರ ಬೂಟಿನ ಮ್ಯಾಲ ಬಿತ್ತು. ಆದ್ರೂ ಅವ್ರು ಉಂಡು ಹೋದ್ರು."

ನಾನು ಅಳುತ್ತಲೂ ಇದ್ದೆ, ನಗುತ್ತಲೂ ಇದ್ದೆ. "ನಿಮಗ ಇದೆಲ್ಲಾ ಯಾಕ ಬೇಕಾತ್ರಿ ಆಯಿ? ಈ ವಯಸ್ನ್ಯಾಗ ಇಂಗ್ಲಿಷ್ ಕಲ್ತು ಏನ್ ಮಾಡವರು?" ಎಂದು ಕೇಳಿಬಿಟ್ಟೆ.

ಅವರಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಬೆಲ್ಲ ತಿನ್ನವ್ರನ್ನ ಯಾಕ ತಿಂತೀರಿ ಅಂತ ಯಾರರ ಕೇಳ್ತಾರೇನ್ರಿ?" ಎಂದರು. ಟಣ್!

ಅರ್ಜಿ ಬ್ಯಾಗಿನಲ್ಲೇ ಉಳಿಯಿತು. ಶನಿವಾರ, ಭಾನುವಾರ ಎರಡೂ ದಿನ ಕನ್ನಡಿಯ ಮುಂದೆ ನಿಂತು ಹತ್ತು ವಾಕ್ಯ ತಯಾರು ಮಾಡಿಕೊಂಡೆ. ಸೋಮವಾರ ಸಾಹೇಬರು ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಸಾಂಬಾರಿನ ರುಚಿ ಹತ್ತಿತ್ತೋ ಏನೋ! ನನ್ನ ಡಬ್ಬಿ ನಾನು ಆ ದಿನ ತಂದಿರಲಿಲ್ಲ. ತಟ್ಟೆ ತೆಗೆದುಕೊಂಡು, ಬದನೆಕಾಯಿ ಬೇಡ ಅಂದ ಹುಡುಗಿಯ ಹಿಂದೆ, ಮೊದಲ ಸಲ ಪಾಳಿಗೆ ನಿಂತೆ. ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ನನ್ನ ಸರದಿ ಬಂತು. ಕನ್ನಡಿಯ ಮುಂದೆ ಕಲಿತ ಹತ್ತೂ ವಾಕ್ಯ ಮರೆತುಹೋದವು. ಆಯಿ ಸೌಟು ಎತ್ತಿ ಹಿಡಿದು ಕಾಯುತ್ತಿದ್ದರು. 'ನನ್ನ ಹಿಂದ ಅನ್ರಿ' ಎಂದು ಅವರು ಹೇಳಿದ್ದರೆ ಅನ್ನುತ್ತಿದ್ದೆ. ಹೇಳಲಿಲ್ಲ. ಕಾದರು.

ನಾನು ಸಾಹೇಬರ ಕಡೆ ತಿರುಗಿದೆ. "ಸರ್, ಐ ಹ್ಯಾಡ್ ನೋ ಫೀವರ್ ಆನ್ ಥರ್ಸ್‌ಡೇ. ಐ ವಾಸ್ ಅಫ್ರೇಡ್. ಐ ರ‍್ಯಾನ್ ಅವೇ." ಜ್ವರ ಇರಲಿಲ್ಲ, ಹೆದರಿದ್ದೆ, ಓಡಿಹೋಗಿದ್ದೆ. ಜನರ ಮುಂದೆ ನಾನು ಆಡಿದ ಮೊದಲ ಸ್ವಂತ ಇಂಗ್ಲಿಷ್ ಅದು, ಮೂರೂ ನಿಜ.

ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ನನ್ನನ್ನು ನೋಡಿದರು. ಅಷ್ಟರಲ್ಲಿ ಬೋಗಣಿಯ ಅಂಚಿಗೆ ಸೌಟು ಬಡಿಯಿತು. ಟಣ್! "ಸೆಂಟೆನ್ಸ್ ಆತು. ಮೂರು ಆದ್ವು. ತಗೋರಿ ಅಕ್ಕೋರ ಅನ್ನ" ಎಂದು ಆಯಿ ಎರಡು ಸೌಟು ಹೆಚ್ಚು ಬಡಿಸಿದರು. ಸಾಹೇಬರು ಆಗ ನಕ್ಕರು. "ನಮ್ಮ ಮೇಲಿನವ್ರ ಮೀಟಿಂಗ್ ಇದ್ದಾಗ ನನಗೂ ಭಾಳ ಸಲ ಜ್ವರ ಬರ್ತೈತ್ರಿ ಟೀಚರ್" ಎಂದು ಕನ್ನಡದಲ್ಲಿ ಹೇಳಿ ತಮ್ಮ ತಟ್ಟೆ ಮುಂದೆ ಚಾಚಿದರು. ಆ ಅನ್ನದ ರುಚಿ ನನಗಿನ್ನೂ ನೆನಪಿದೆ, ಉಪ್ಪು ಒಂದು ಚೂರು ಕಡಿಮೆಯಾಗಿತ್ತು.

ತರಗತಿ ಉಳಿಯಿತು. ಮುಂದಿನ ಜೂನಿನಲ್ಲಿ ಬೆಂಚು ಸಾಲದೆ ಚಾಪೆ ಹಾಸಿದೆವು. ಕಾನ್ವೆಂಟಿಗೆ ಹೋಗಿದ್ದ ಇಬ್ಬರು ಹುಡುಗರು ತಿರುಗಿ ಬಂದರು. ನಾನು ಆ ಶಾಲೆಯಲ್ಲಿ ಇನ್ನೂ ಐದು ವರ್ಷ ಇದ್ದೆ, ಐದೂ ವರ್ಷ ಪಾಳಿಯಲ್ಲಿ ನಿಂತೇ ಉಂಡೆ. ಆಮೇಲೆ ಶಿಗ್ಗಾಂವಿ ಕಡೆಗೆ ವರ್ಗವಾಯಿತು.

ಬುಧವಾರ ಬೀಳ್ಕೊಡುಗೆಗೆ ಹೋದೆ. ಆಯಿಗೆ ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಕೈಯಲ್ಲಿ ಸೌಟಿಲ್ಲದೆ ಅವರು ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು. ಭಾಷಣಗಳಾದವು. ನಾನು ಇಂಗ್ಲಿಷಿನಲ್ಲೇ ಮಾತಾಡಿದೆ, ತಡವರಿಸಲಿಲ್ಲ. ಊಟದ ಹೊತ್ತಿಗೆ ಹೆಡ್‌ಮಾಸ್ತರರು ಸೌಟನ್ನು ನನ್ನ ಕೈಗೆ ಕೊಟ್ಟು, "ಇವತ್ತೊಂದಿನ ನೀವು ಬಡಸ್ರಿ" ಎಂದರು. ಪಾಳಿ ನಿಂತಿತು. ತಲೆ ಎತ್ತಿ ನೋಡುತ್ತೇನೆ, ಒಂದನೆಯ ತರಗತಿಯ ಮಕ್ಕಳ ಹಿಂದೆ, ತಟ್ಟೆ ಎದೆಗೊತ್ತಿಕೊಂಡು, ಶಾಲು ಹೊದ್ದ ಆಯಿ!

ಅವರ ಸರದಿ ಬಂತು. ಎಲ್ಲರೂ ಸುತ್ತ ಸೇರಿದರು. ಆಯಿ ಬಾಯಿ ತೆರೆದರು. ಮಾತು ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಹೆಂಗಸಿಗೆ ಮಾತು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆದರೆ ಪಾಳಿಯ ನೇಮ ನನಗೆ ಗೊತ್ತಿತ್ತಲ್ಲ.

"ನನ್ನ ಹಿಂದ ಅನ್ರಿ ಆಯಿ" ಎಂದೆ. "ಐ ವಿಲ್ ಕಮ್ ಟುಮಾರೊ."

ಅವರು ನನ್ನ ಮುಖ ನೋಡಿದರು. ಕಣ್ಣಲ್ಲಿ ನೀರು ತುಂಬಿದ್ದರೂ ನಗೆ ಬಂತು. "ಐ ವಿಲ್ ಕಮ್ ಟುಮಾರೊ" ಎಂದರು, ಮೊದಲು ಮೆಲ್ಲಗೆ, ಆಮೇಲೆ ಅಂಗಳಕ್ಕೆಲ್ಲ ಕೇಳುವ ಹಾಗೆ. ನಾನು ಸೌಟನ್ನು ಬೋಗಣಿಯ ಅಂಚಿಗೆ ಬಡಿದೆ. ಎರಡು ಸೌಟು ಹೆಚ್ಚು ಬಡಿಸಿದೆ.

ಮರುದಿನ ಹತ್ತೂವರೆಗೆ ಹೆಡ್‌ಮಾಸ್ತರರ ಫೋನು. "ಅಕ್ಕೋರ, ಆಯಿ ಬಂದಾರ್ರಿ!"

"ಅಡಿಗಿ ಮನಿಗೇನ್ರಿ?"

"ಅಲ್ರಿ, ಒಂದನೇತ್ತಾಕ! ನೋಟ್‌ಬುಕ್ ಹಿಡಕೊಂಡು ಹಿಂದಿನ ಬೆಂಚಿನ ಮ್ಯಾಲ ಕುಂತಾರ. ಅಡಿಗಿ ಮಾಡೂದಕ್ಕ ಅರವತ್ತು ಆತು, ಕಲಿಯಾಕ ಎಷ್ಟು ಅಂತ ಕೇಳಾಕತ್ತಾರ. ನಾ ಏನ್ ಹೇಳ್ಲಿ? ನಿಮ್ಮ ಜಾಗಾಕ್ಕ ಬಂದಾರಲ್ಲ ಹೊಸಾ ಟೀಚರ್, ಪಾಪ, ಕಕ್ಕಾಬಿಕ್ಕಿ ಆಗಿ ನಿಂತಾರ. 'ಈಸ್' ಯಾಕ ಬೇಕು ಅಂತ ಕೇಳ್ಯಾರ ನೋಡ್ರಿ ಅವರಿಗೆ."

ಒಗ್ಗರಣೆಯ ಉತ್ತರ ಇಟ್ಟುಕೊಂಡೇ ಕೇಳಿದ್ದಾರೆ, ಕಳ್ಳಿ! ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತುಬಿಟ್ಟೆ. "ಟೀಚರ್ ಏನಂದ್ರು?"

"'ಗೊತ್ತಿಲ್ರಿ ಆಯಿ' ಅಂದ್ರು."

"ಆಯಿ?"

"'ಚಲೋ ಆತು ಬಿಡ್ರಿ, ಇಬ್ರೂ ಕೂಡಿ ಹುಡುಕೂಣು' ಅಂದ್ರು."